ಮೊಮ್ಮಗಳ ಎಲೆಕ್ಟಿವ್, ಅಜ್ಜಿಯ ಕಾಯಿಲೆಗಳು

ಮೊಮ್ಮಗಳು: ಎಲ್ಲಿ ನೋವು ಅಂದೆ?

ಅಜ್ಜಿ: ಎದೆಯಲ್ಲಿ. ಕಲ್ಲು ಹೇರಿದ ಹಾಗೆ. ಅಲ್ಲಿಂದ ಎಡಗೈಗೆ ಹರೀತಿದೆ, ದವಡೆಗೂ ಏರ್ತಿದೆ. ಬೆವರು ನೋಡು ಹೇಗೆ ಕಿತ್ಕೊಂಡು ಬರ್ತಿದೆ.

ಮೊಮ್ಮಗಳು: ಬೆವರು ಹಣೆಯಲ್ಲಿ ಮಾತ್ರ ಇದೆ. ಕುತ್ತಿಗೆ ಒಣಗಿದೆ. ಪಕ್ಕದಲ್ಲಿ ನೀರಿನ ಲೋಟ ಖಾಲಿ, ಅದರ ಸುತ್ತ ಮೇಜೂ ಒದ್ದೆ.

ಅಜ್ಜಿ: ಬಗ್ಗಿಸಿ ಕುಡಿಯೋವಾಗ ಚೆಲ್ಲಿತು. ಹೃದಯಾಘಾತ ಆದೋರಿಗೆ ಬಾಯಾರಿಕೆ ಆಗ್ಬಾರದಾ?

ಮಂಚದ ಮೇಲೆ ದಿಂಬುಗಳಿಗೆ ಒರಗಿ, ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡು, ಪುಸ್ತಕದಲ್ಲಿ ಬರೆದಿದ್ದಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ ಹಾಗೆ ಅಜ್ಜಿ ನರಳುತ್ತಿದ್ದಳು. ಹಾಗೆ ನರಳೋದನ್ನು ಅವಳಿಗೆ ಕಲಿಸಿದ್ದೇ ಮೊಮ್ಮಗಳು. ಡಾಕ್ಟರಿಕೆ ಓದೋಕೆ ಸೇರಿದಾಗಿನಿಂದ ಮನೆಯಲ್ಲಿ ಅಭ್ಯಾಸಕ್ಕೆ ಸಿಕ್ಕ ರೋಗಿ ಅಂದರೆ ಅಜ್ಜಿ ಒಬ್ಬಳೇ. ಇವತ್ತು ನಿನಗೆ ನ್ಯುಮೋನಿಯಾ ಅಂದರೆ ಸಾಕು, ಮಾಡೋ ಕೆಲಸ ಬಿಟ್ಟು ಬಂದು ಕೆಮ್ಮುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಮೊಮ್ಮಗಳ ಗೆಳತಿಯರೂ ಬಂದು ಸರದಿಯಲ್ಲಿ ನಿಂತು ಅವಳ ಬೆನ್ನು ತಟ್ಟಿ, ಮೊಣಕಾಲಿಗೆ ಸುತ್ತಿಗೆ ಬಡಿದು, ಹೊಟ್ಟೆ ಒತ್ತಿ ಹೋಗುತ್ತಿದ್ದರು. ಆ ಹುಡುಗಿಯರೆಲ್ಲ ಪಾಸಾದರು, ಒತ್ತಿಸಿಕೊಂಡ ನನಗೆ ಮಾತ್ರ ಯಾರೂ ಒಂದು ಮಾರ್ಕ್ಸೂ ಕೊಡಲಿಲ್ಲ ಅಂತ ಅಜ್ಜಿಯ ಹಳೇ ದೂರು.

ಅಂಥ ಅಜ್ಜಿಗೆ ಈ ವಾರ ಹೇಳದೆ ಕೇಳದೆ ಕಾಯಿಲೆಗಳು ಮುತ್ತಿಕೊಂಡಿದ್ದಕ್ಕೆ ಕಾರಣ ಒಂದು ಈಮೇಲು. ಕೊನೇ ವರ್ಷದ ಹುಡುಗ ಹುಡುಗಿಯರು ಆರು ವಾರ ತಮಗೆ ಬೇಕಾದ ಆಸ್ಪತ್ರೆಗೆ ಹೋಗಿ ಕಲಿಯಬಹುದು, ಬೇಕಿದ್ದರೆ ಬೇರೆ ದೇಶದಲ್ಲೂ. ಅದಕ್ಕೆ ಎಲೆಕ್ಟಿವ್ ಅನ್ನುತ್ತಾರೆ. ಮೊಮ್ಮಗಳು ಒಂದು ವರ್ಷ ಕಂಡಕಂಡ ದೇಶದ ಆಸ್ಪತ್ರೆಗಳಿಗೆಲ್ಲ ಬರೆದಿದ್ದಳು. ಒಂದಷ್ಟು ಕಡೆಯಿಂದ ಉತ್ತರವೇ ಇಲ್ಲ. ಒಂದು ಕಡೆ ಜಾಗ ಇಲ್ಲ. ಇನ್ನೊಂದು ಕಡೆಯವರು ಹೋದ ವರ್ಷವೇ ಬರೆಯಬೇಕಿತ್ತು ಅಂದರು, ಹೋದ ವರ್ಷ ಬರೆದಿದ್ದಕ್ಕೆ ಅವರೇ ಮುಂದಿನ ವರ್ಷ ಬರೆಯಿರಿ ಅಂದಿದ್ದರು. ಡೀನ್ ಸಾಹೇಬರ ಒಂದು ಸಹಿಗಾಗಿ ಅವರ ಹಿಂದೆ ವಾರ್ಡಿಂದ ವಾರ್ಡಿಗೆ ಓಡಿ, ಕೊನೆಗೆ ಲಿಫ್ಟಿನಲ್ಲಿ ಹಿಡಿದು ನಿಲ್ಲಿಸಿ ಹಾಕಿಸಿದ್ದಳು. ಇಷ್ಟೆಲ್ಲ ಆದ ಮೇಲೆ ಸಮುದ್ರದಾಚೆಯ ಬಂದರಿನ ಆಸ್ಪತ್ರೆಯೊಂದು ನಮ್ಮ ತುರ್ತು ವಿಭಾಗಕ್ಕೆ ಬಾ ಅಂದಿತ್ತು. ಇವತ್ತು ಸಂಜೆಯೊಳಗೆ ಬರ್ತೀನಿ ಅಂತ ಉತ್ತರ ಕೊಡಬೇಕು, ಇಲ್ಲದಿದ್ದರೆ ಆ ಜಾಗ ಕಾಯುತ್ತಿರೋ ಇನ್ಯಾರಿಗೋ ಹೋಗುತ್ತದೆ. ಉತ್ತರ ಬರೆದಾಗಿತ್ತು. ಕಳಿಸೋ ಗುಂಡಿ ಒತ್ತೋದೊಂದು ಬಾಕಿ. ಒತ್ತೋಕೆ ಹೋದಾಗಲೆಲ್ಲ ಮಂಚದಿಂದ ನರಳಾಟ ಕೇಳಿಸುತ್ತಿತ್ತು.

ಮೊಮ್ಮಗಳು ಸ್ಟೆತಸ್ಕೋಪ್ ಹಚ್ಚಿ ಕೇಳಿದಳು. ಎದೆ ಗಡಿಯಾರದ ಹಾಗೆ ಹೊಡೆದುಕೊಳ್ಳುತ್ತಿತ್ತು.

ಮೊಮ್ಮಗಳು: ಹೃದಯ ಸರಿಯಾಗಿದೆ.

ಅಜ್ಜಿ: ಹಾಗಾದ್ರೆ ನೋವು ಕೆಳಗೆ ಇಳಿದಿದೆ. ಇಲ್ಲಿ, ಬಲಗಡೆ ಹೊಟ್ಟೆ. ಒತ್ತು ನೋಡೋಣ. ಒತ್ತಿದಾಗ ಅಷ್ಟಿಲ್ಲ, ಕೈ ತೆಗೆದಾಗ ಜೀವ ಹೋಗತ್ತೆ.

ಮೊಮ್ಮಗಳು: ಅದು ಅಪೆಂಡಿಕ್ಸು.

ಅಜ್ಜಿ: ನನಗೂ ಹಾಗೇ ಅನ್ನಿಸ್ತು.

ಮೊಮ್ಮಗಳು: ನಾನು ಹುಟ್ಟೋಕೆ ಮೊದಲೇ ನಿನ್ನ ಅಪೆಂಡಿಕ್ಸ್ ತೆಗೆದಿದ್ದಾರೆ ಅಜ್ಜಿ. ಗಾಯದ ಗುರುತು ನನ್ನ ಬೆರಳ ಕೆಳಗೇ ಇದೆ.

ಅಜ್ಜಿ: ಪೂರ್ತಿ ತೆಗೆದಿರಲ್ಲ. ಆಗಿನ ಡಾಕ್ಟ್ರು ಅರ್ಧಂಬರ್ಧ ಕೆಲಸದೋರು.

ಕಿಟಕಿಯ ಹತ್ತಿರ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಅಮ್ಮ, ಯಾರದೋ ರವಿಕೆಗೆ ತೋಳು ಕೂರಿಸುತ್ತಾ, ಪೂರ್ತಿ ತೆಗೆದಿದ್ರು, ನಾನು ಬಾಟ್ಲಿಯಲ್ಲಿ ನೋಡಿದ್ದೆ ಅಂದಳು. ಅಮ್ಮನ ಹೊಲಿಗೆಯಿಂದಲೇ ಆ ಮನೆ ನಡೆಯುತ್ತಿದ್ದದ್ದು, ಹಾಗಾಗಿ ಅವಳು ಜಗಳಕ್ಕೆ ಬಂದರೂ ಕೈ ನಿಲ್ಲಿಸುತ್ತಿರಲಿಲ್ಲ. ಈಗ ದಾರ ತುಂಡಾಗಿ ನಿಲ್ಲಿಸಬೇಕಾಯಿತು.

ಅಮ್ಮ: ಸಾಯೋದು ಆಮೇಲೆ ಇಟ್ಕೋ. ಮೊದಲು ಈ ಸೂಜಿಗೆ ದಾರ ಪೋಣಿಸಿ ಕೊಡು.

ಅಜ್ಜಿ: ಹೃದಯ, ಹೊಟ್ಟೆ ಎರಡೂ ಹೋಗಿರೋಳಿಗೆ ಸೂಜಿ ಪೋಣಿಸು ಅಂತಾಳೆ. ಇವಳು ನನ್ನ ಹೊಟ್ಟೇಲಿ ಹುಟ್ಟಿದೋಳು.

ಅಮ್ಮ: ಈಚೆಗೆ ಯಾವತ್ತು ಕೇಳಿದ್ರೂ ಏನಾದ್ರೊಂದು ನೆಪ.

ಅಜ್ಜಿ: ಕಾಯಿಲೆಗೆ ನೆಪ ಅನ್ನೋ ಜನ ನೀವು.

ಮೊಮ್ಮಗಳು ಮಂಚದ ತುದಿಯಲ್ಲಿ ಕೂತಳು. ಕೈಯಲ್ಲಿ ಫೋನು, ಅದರಲ್ಲಿ ಕಳಿಸದೆ ಉಳಿದ ಉತ್ತರ. ಅವಳಿಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು, ಒಟ್ಟಿನಲ್ಲಿ ಯಾವುದನ್ನು ಮೊದಲು ಬಿಡಬೇಕು ಅಂತ ತೋಚದೆ ನೇರವಾಗಿಯೇ ಕೇಳಿಬಿಟ್ಟಳು.

ಮೊಮ್ಮಗಳು: ಅಜ್ಜಿ, ನಾನು ಹೋಗೋದು ನಿನಗೆ ಇಷ್ಟ ಇಲ್ವಾ?

ಅಜ್ಜಿ: ಅಲ್ಲಿ ಏನಿದೆ ಅಂತ ಹೋಗ್ತೀಯಾ? ಇಲ್ಲಿ ಕಾಯಿಲೆಗೆ ಬರ ಬಂದಿದ್ಯಾ? ನಿನಗೆ ಯಾವುದು ಬೇಕೋ ಕೇಳು, ಈ ಮಂಚದ ಮೇಲೇ ಕೊಡ್ತೀನಿ.

ಮೊಮ್ಮಗಳು: ಅದೇ ಕಷ್ಟ. ನೀನು ಬಾಯಿ ಬಿಡೋ ಮೊದಲೇ ನನಗೆ ಉತ್ತರ ಗೊತ್ತಿರತ್ತೆ. ಕಾಲೇಜಲ್ಲೂ ಹಾಗೇ, ರೋಗಿ ಹತ್ತಿರ ಹೋಗೋ ಹೊತ್ತಿಗೆ ದೊಡ್ಡ ಡಾಕ್ಟ್ರು ಕಾಯಿಲೆ ಹಿಡಿದಾಗಿರತ್ತೆ. ಯಾರೂ ಹೇಳಿಕೊಡದೆ, ನಾನೇ ಒಂದು ಕಾಯಿಲೆ ಹಿಡಿದಿದ್ದು ಇಲ್ಲ. ಒಂದು ಸಲ ಉತ್ತರ ಗೊತ್ತಿಲ್ಲದ ಕಡೆ ನಿಂತು ನೋಡಬೇಕು. ಇಲ್ದಿದ್ರೆ ನಾನು ಡಾಕ್ಟ್ರಾ, ನಾಟಕದ ಮೇಷ್ಟ್ರಾ ಅಂತ ನನಗೇ ಗೊತ್ತಾಗಲ್ಲ.

ಅಜ್ಜಿ ಸೂರು ನೋಡಿದಳು. ಆಮೇಲೆ ಅವಳ ಬಾಯಿಯ ಬಲತುದಿ ಮೆಲ್ಲಗೆ ಕೆಳಗೆ ಜಾರಿತು, ಬಲಗೈ ಮಂಚದಿಂದ ಇಳಿಬಿತ್ತು.

ಅಮ್ಮ: ಈಗ ಯಾವುದು?

ಮೊಮ್ಮಗಳು: ಪಾರ್ಶ್ವವಾಯು. ಮೂರನೇ ವರ್ಷದಲ್ಲಿ ನಾನೇ ಕಲಿಸಿದ್ದು.

ಮೊಮ್ಮಗಳು ಅಜ್ಜಿಯ ಬಲಗೈ ಹಿಡಿದು ಮುಖದ ಮೇಲಕ್ಕೆ ಎತ್ತಿ, ಹಾಗೇ ಬಿಟ್ಟಳು. ನಿಜವಾಗಿ ಸ್ವಾಧೀನ ತಪ್ಪಿದ ಕೈಯಾದರೆ ಧೊಪ್ಪನೆ ಮೂಗಿನ ಮೇಲೆ ಬೀಳಬೇಕು. ಅಜ್ಜಿಯ ಕೈ ಮೂಗಿನ ಹತ್ತಿರ ಬಂದು, ಒಂದು ಕ್ಷಣ ಯೋಚನೆ ಮಾಡಿ, ಪಕ್ಕಕ್ಕೆ ಸರಿದು ದಿಂಬಿನ ಮೇಲೆ ಹಗುರವಾಗಿ ಮಲಗಿತು.

ಮೊಮ್ಮಗಳು: ನೋಡಿದ್ಯಾ?

ಅಜ್ಜಿ: ಪಾರ್ಶ್ವವಾಯು ಬಂದೋರು ಮೂಗು ಒಡ್ಕೊಳ್ಳಲೇಬೇಕು ಅಂತ ಕಾನೂನಿದ್ಯಾ?

ಅಮ್ಮ ಮಿಷನ್ನಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊಮ್ಮಗಳೂ ನಕ್ಕಳು, ಆದರೆ ಕೈ ಸುಮ್ಮನಿರಲಿಲ್ಲ. ಶುರು ಮಾಡಿದ ಪರೀಕ್ಷೆಯನ್ನು ನಡುವೆ ಬಿಡಬಾರದು, ತಲೆಯಿಂದ ಕಾಲಿನವರೆಗೆ ಎಲ್ಲ ನೋಡಿಯೇ ಏಳಬೇಕು ಅನ್ನೋದು ಕಾಲೇಜು ಹತ್ತಿಸಿದ ಚಾಳಿ. ನಗುನಗುತ್ತಲೇ ಎಡ ಅಂಗೈಯಿಂದ ಅಜ್ಜಿಯ ಎಡಗಣ್ಣು ಮುಚ್ಚಿದಳು. ಮುಂದಿನದು ಬೆರಳು ತೋರಿಸಿ ಎಷ್ಟು ಅಂತ ಕೇಳೋದು. ಅಷ್ಟರಲ್ಲಿ ಬಲಗೈಯಲ್ಲಿದ್ದ ಫೋನು ಗುರ್ ಅಂತು. ಉತ್ತರ ಕೊಡಿ ಅಂತ ಬಂದರಿನ ಆಸ್ಪತ್ರೆಯವರು ನೆನಪಿಸಿದ್ದರು. ಅವಳು ತಲೆ ಬಗ್ಗಿಸಿ ಅದನ್ನು ಓದತೊಡಗಿದಳು.

ಅಜ್ಜಿ: ಎರಡು.

ಮೊಮ್ಮಗಳು: ಏನು ಎರಡು?

ಅಜ್ಜಿ: ಬೆರಳು. ಎರಡು. ಸರಿಯಾಗಿದ್ಯಲ್ಲ, ಮುಂದೆ ಹೋಗು.

ಮೊಮ್ಮಗಳು: ನಾನಿನ್ನೂ ಬೆರಳೇ ಎತ್ತಿಲ್ಲ ಅಜ್ಜಿ.

ಕೋಣೆಯಲ್ಲಿ ನಗು ನಿಂತಿತು. ಮೊಮ್ಮಗಳು ಫೋನು ಹಾಸಿಗೆ ಮೇಲೆ ಹಾಕಿ, ಮೂರು ಬೆರಳು ಎತ್ತಿದಳು. ಎರಡು, ಅಂದಳು ಅಜ್ಜಿ, ಈ ಸಲ ಧ್ವನಿ ಸಣ್ಣದಾಗಿತ್ತು. ಮೊಮ್ಮಗಳು ಮುಷ್ಟಿ ಹಿಡಿದು ತೋರಿಸಿದಳು. ಅಜ್ಜಿ ಎಣಿಸೋಕೆ ಕೈ ಚಾಚಿ ತಡವಿದಳು. ಟಾರ್ಚು ತಂದು ಬಿಟ್ಟು ನೋಡಿದರೆ ಬಲಗಣ್ಣಿನ ಪಾಪೆಯ ಹಿಂದೆ ಬೆಳ್ಳಗೆ ಪೊರೆ ಕೂತಿತ್ತು, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಮೊಮ್ಮಗಳಿಗೆ ಮೈ ಬೆವರಿತು, ಕುತ್ತಿಗೆಯೂ ಸೇರಿ. ಇಷ್ಟು ವರ್ಷ ಈ ಪರೀಕ್ಷೆ ಮಾಡಿದಾಗಲೆಲ್ಲ ಅವಳು ಎತ್ತಿದ್ದು ಎರಡೇ ಬೆರಳು. ಅಜ್ಜಿ ಅದನ್ನೂ ಬಾಯಿಪಾಠ ಮಾಡಿಟ್ಟಿದ್ದಳು.

ಮೊಮ್ಮಗಳು: ಯಾವಾಗಿಂದ?

ಅಜ್ಜಿ: ನೀನು ಆಸ್ಪತ್ರೆಗಳಿಗೆಲ್ಲ ಬರೆಯೋಕೆ ಶುರು ಮಾಡಿದಾಗ ಸ್ವಲ್ಪ ಮಂಜು ಇತ್ತು. ಅವರು ಉತ್ತರ ಕೊಡೋ ಹೊತ್ತಿಗೆ ಗೋಡೆಯಾಯ್ತು.

ಅಮ್ಮ: ಅದಕ್ಕೇ ಸೂಜಿ ಮುಟ್ತಿರಲಿಲ್ಲ. ನೀರೂ ಲೋಟದಿಂದ ಆಚೆ ಬಗ್ಗಿಸ್ತಿದ್ದೆ.

ಮೊಮ್ಮಗಳು: ಇಲ್ಲದ ಕಾಯಿಲೆ ಎಲ್ಲ ತಂದು ನನ್ನ ಮುಂದೆ ಗುಡ್ಡೆ ಹಾಕಿದ್ಯಲ್ಲ, ಇರೋದೊಂದನ್ನ ಹೇಳಿದ್ರೆ ನಾನೇ ಉಳ್ಕೊಳ್ತಿದ್ದೆ.

ಅಜ್ಜಿ: ಅದಕ್ಕೇ ಹೇಳಲಿಲ್ಲ. ಇಲ್ಲದ ಕಾಯಿಲೆಗೆ ನೀನು ಉಳಿದಿದ್ರೆ, ಸುಳ್ಳು ಅಂತ ಗೊತ್ತಿದ್ದೂ ಮುದುಕಿ ಮೇಲಿನ ಪ್ರೀತಿಗೆ ಉಳಿದ್ಲು ಅಂತ ನಾಲ್ಕು ಜನರ ಹತ್ರ ಹೇಳ್ಕೊಂಡು ಮೆರೀತಿದ್ದೆ. ಇರೋ ಕಾಯಿಲೆಗೆ ಉಳಿದ್ರೆ ಅದು ಡ್ಯೂಟಿ. ನನಗೆ ಮನೇಲಿ ಡ್ಯೂಟಿ ಡಾಕ್ಟರ್ ಬೇಡ.

ಅಜ್ಜಿ ಅಂದರೆ ಮೊಮ್ಮಗಳಿಗೆ ಪ್ರಾಣ, ಅದನ್ನು ಬಾಯಿಬಿಟ್ಟು ಹೇಳೋಕೆ ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಅವಳು ಜಗಳವನ್ನೇ ಮುಂದುವರಿಸಿದಳು. ನಾನು ಎಲ್ಲೂ ಹೋಗಲ್ಲ, ಬರಲ್ಲ ಅಂತ ಈಗಲೇ ಬರೀತೀನಿ ಅಂದಳು. ಅಜ್ಜಿ ಧಡಕ್ಕನೆ ಎದ್ದು ಕೂತಳು. ಹೃದಯ, ಹೊಟ್ಟೆ, ಪಾರ್ಶ್ವವಾಯು ಮೂರೂ ಒಟ್ಟಿಗೆ ವಾಸಿಯಾದವು.

ಅಜ್ಜಿ: ಬರಿ ನೋಡೋಣ. ಹೊರಡೋಕೆ ಇನ್ನೂ ಎಷ್ಟು ದಿನ ಇದೆ?

ಮೊಮ್ಮಗಳು: ಎರಡು ತಿಂಗಳು.

ಅಜ್ಜಿ: ಪೊರೆ ತೆಗೆಯೋಕೆ ಎಷ್ಟು ದಿನ ಬೇಕು?

ಮೊಮ್ಮಗಳು: ಬೆಳಿಗ್ಗೆ ಹೋದ್ರೆ ಸಂಜೆ ಮನೆಗೆ. ನಮ್ಮ ಕಾಲೇಜಲ್ಲೇ ಮಾಡ್ತಾರೆ. ಹನಿ ಹಾಕೋದು, ಮತ್ತೆ ತೋರಿಸೋದು ಎಲ್ಲ ಸೇರಿ ಒಂದು ತಿಂಗಳು, ಅದರ ಮೇಲೆ ಸ್ವಲ್ಪ.

ಅಜ್ಜಿ: ಹಾಗಾದ್ರೆ ಕೇಳು. ನೀನು ಬರ್ತೀನಿ ಅಂತ ಕಳಿಸಿದ್ರೆ ನಾನು ಆಪರೇಷನ್ನಿಗೆ ಕಣ್ಣು ಕೊಡ್ತೀನಿ. ಬರಲ್ಲ ಅಂತ ಕಳಿಸಿದ್ರೆ ಈ ಪೊರೆ ಇಟ್ಕೊಂಡೇ ಓಡಾಡ್ತೀನಿ, ಸಿಕ್ಕಸಿಕ್ಕಿದ್ದನ್ನೆಲ್ಲ ಎಡವಿ ಬೀಳಿಸ್ತೀನಿ, ಮೊದಲು ನಿಮ್ಮಮ್ಮನ ಮಿಷನ್ನಿಂದ ಶುರು.

ಅಮ್ಮ: ಕಳಿಸಿಬಿಡೇ. ಮಿಷನ್ ಹೋದ್ರೆ ಊಟಕ್ಕಿಲ್ಲ.

ಮೊಮ್ಮಗಳು: ಇಷ್ಟು ದಿನ ಹೋಗಬೇಡ ಅಂತ ಗೋಳು ಹೊಯ್ಕೊಂಡೋಳು, ಈಗ ಹೋಗು ಅಂತ ಹೆದರಿಸ್ತಿದ್ದೀಯ.

ಅಜ್ಜಿ: ಇಷ್ಟು ದಿನ ನೀನು ಕಲಿತಿದ್ದೀಯೋ ಇಲ್ವೋ ಅಂತ ನನಗೇ ನಂಬಿಕೆ ಇರಲಿಲ್ಲ. ಇವತ್ತು ಯಾರೂ ಹೇಳಿಕೊಡದೆ ಒಂದು ಕಾಯಿಲೆ ಹಿಡಿದ್ಯಲ್ಲ, ಅದೂ ನಾನು ಅಷ್ಟು ಬಚ್ಚಿಟ್ಟಿದ್ದನ್ನ. ಒತ್ತು.

ಮೊಮ್ಮಗಳು ಕಣ್ಣೊರೆಸಿಕೊಂಡು ಒತ್ತಿದಳು. ಸಮುದ್ರ ದಾಟಿ ಉತ್ತರ ಹೋಯಿತು. ಅಮ್ಮ ಎದ್ದು ಬಂದು ಸೂಜಿ, ದಾರ ಎರಡನ್ನೂ ಮಗಳ ಕೈಗೆ ಕೊಟ್ಟು, ಹೋಗೋವರೆಗೂ ಈ ಕೆಲಸ ನಿನ್ನದು ಅಂದಳು. ಅಜ್ಜಿ ದಿಂಬು ಸರಿ ಮಾಡಿಕೊಂಡು, ನಿಜವಾಗಿಯೂ ದಣಿದವಳ ಹಾಗೆ ಒರಗಿದಳು. ಸ್ವಲ್ಪ ಹೊತ್ತಿನ ಮೇಲೆ ಏನೋ ನೆನಪಾಗಿ ಒಳ್ಳೇ ಕಣ್ಣು ತೆರೆದಳು.

ಅಜ್ಜಿ: ಒಂದು ಮಾತು. ಅಲ್ಲಿ ಹೋಗಿ ಎಲ್ಲರಿಗೂ ಎರಡೇ ಬೆರಳು ತೋರಿಸಬೇಡ. ಮುದುಕಿಯರು ಎಲ್ಲಾ ದೇಶದಲ್ಲೂ ಇರ್ತಾರೆ.