ಇಲಿ ತಿಂದ ಪುಂಡಿಪಲ್ಯ

ಒಬ್ಬೊಬ್ಬರಿಗೆ ಒಂದೊಂದು ಚಟ ಇರುತ್ತದೆ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಪಕ್ಕದ ಮನೆಯ ಮಾತು. ನನಗಿರುವುದು 'ಬಹುದು'. ಖಚಿತವಾಗಿ ಗೊತ್ತಿಲ್ಲದ್ದನ್ನು ಖಚಿತವಾಗಿ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಖಚಿತವಾಗಿ ಗೊತ್ತಿರುವುದು ಈ ಲೋಕದಲ್ಲಿ ಬಹಳ ಕಡಿಮೆಯಾದ್ದರಿಂದ ನನ್ನ ಮಾತೂ ಕಡಿಮೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಯಾರಾದರೂ "ಈ ಬಸ್ ಸುರಪುರಕ್ಕ ಹೋಗ್ತದೇನವಾ?" ಎಂದರೆ, ಫಲಕ ಓದಿ, ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲದ್ದನ್ನು ಗಮನಿಸಿ, "ಹೋಗಬಹುದ್ರಿ" ಎನ್ನುತ್ತೇನೆ. ಕೇಳಿದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವರನ್ನು ಕೇಳಿ ಬಸ್ ಹತ್ತುತ್ತಾರೆ. ಒಮ್ಮೆ ನನ್ನನ್ನು ನೋಡಲು ಬಂದಿದ್ದ ಮನೆಯ ಹಿರಿಯರೊಬ್ಬರು "ಹುಡುಗ ಮನಸಿಗೆ ಬಂದಾನೇನವಾ?" ಎಂದು ಕೇಳಿದಾಗಲೂ ನಾನು ಹೀಗೆಯೇ ಉತ್ತರಿಸಿದೆ. ಅವ್ವ ಇವತ್ತಿಗೂ ಆ ಮಾತು ಎತ್ತುತ್ತಾಳೆ. ಆ ವಿಷಯ ಇಲ್ಲಿ ಬೇಡ.

ಈ ಚಟಕ್ಕೆ ಮರ್ಯಾದೆ ಸಿಗುವ ಜಾಗ ಒಂದೇ ಒಂದು, ಅದು ಪ್ರಯೋಗಾಲಯ. ಕಲಬುರಗಿಯ ಅಂಥದ್ದೊಂದರಲ್ಲಿ ನನಗೆ ಕೆಲಸ; ಶಹಾಪುರದ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸೊಪ್ಪುಸದೆಗಳಲ್ಲಿ ಏನಿದೆ, ಅದು ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂದು ನೋಡುವುದು ನಮ್ಮ ಕಸುಬು. ಆ ವರ್ಷ ನನ್ನ ಪಾಲಿಗೆ ಬಂದದ್ದು ಪುಂಡಿ. ಪುಂಡಿಪಲ್ಯ ಎಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಹುಳಿ ಹುಳಿಯಾದ ಆ ಸೊಪ್ಪಿಗೆ ಬೇಳೆ, ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡು ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ತಿಂದರೆ ಮಾತು ಬೇಕಾಗುವುದಿಲ್ಲ. ಮಾತು ಬೇಡದ ಊಟವೆಂದೇ ನನಗದು ಇಷ್ಟ. ಆದರೆ ಪ್ರಯೋಗಾಲಯದಲ್ಲಿ ಒಗ್ಗರಣೆ ಇಲ್ಲ. ಸೊಪ್ಪನ್ನು ಒಣಗಿಸಿ, ಸಾರ ತೆಗೆದು ಇಲಿಗಳಿಗೆ ಕೊಟ್ಟೆವು. ಕೆಲವು ಇಲಿಗಳ ರಕ್ತದಲ್ಲಿ ಸಕ್ಕರೆ ತುಸು ತಗ್ಗಿದಂತೆ ಕಂಡಿತು. ಕಂಡಿತು ಅಷ್ಟೆ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ಇದ್ದಕ್ಕಿದ್ದಂತೆ ಜನರ ನೆನಪಾಯಿತು. "ನಾವು ಇಲ್ಲಿ ಏನು ಮಾಡ್ತೀವಿ ಅನ್ನೋದು ಜನಕ್ಕ ತಲುಪಬೇಕ್ರಿ. ನಿಮ್ಮ ಕಡಿ ಸೊಪ್ಪು, ನಿಮ್ಮ ಕಡಿ ಭಾಷಾ. ನೀವೇ ಬರೀರಿ" ಎಂದರು. ಬರೆದೆ. "ಪುಂಡಿ ಸೊಪ್ಪಿನ ಸಾರವು ಇಲಿಗಳಲ್ಲಿ ರಕ್ತದ ಸಕ್ಕರೆಯನ್ನು ಸ್ವಲ್ಪ ತಗ್ಗಿಸಲು ನೆರವಾಗಬಹುದು ಎಂದು ಊಹಿಸಬಹುದಾದ ಸೂಚನೆಗಳಿವೆ, ಮನುಷ್ಯರ ವಿಷಯದಲ್ಲಿ ಈಗ ಏನನ್ನೂ ಹೇಳಲಾಗದು." ಇಷ್ಟು ನಿರ್ದೋಷವಾದ ವಾಕ್ಯವನ್ನು ನಾನು ಅದಕ್ಕೆ ಮೊದಲು ಬರೆದಿರಲಿಲ್ಲ. ಮತ್ತೆ ಮತ್ತೆ ಓದಿ ಸಂತೋಷಪಟ್ಟು, ನಮ್ಮೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವ ಮಲ್ಲಣ್ಣನಿಗೆ ಕಳಿಸಿದೆ.

ಮರುದಿನದ ಪತ್ರಿಕೆಯಲ್ಲಿ ನನ್ನ ಫೋಟೋ ಇತ್ತು. ಅದು ಮಲ್ಲಣ್ಣನಿಗೆ ಎಲ್ಲಿ ಸಿಕ್ಕಿತೋ. ಅವ್ವನ ಮೇಲೆ ನನಗೆ ಅನುಮಾನವಿದೆ. ಮೇಲೆ ದಪ್ಪಕ್ಷರದಲ್ಲಿ, 'ಸಕ್ಕರೆ ಕಾಯಿಲೆಗೆ ಪುಂಡಿಪಲ್ಯವೇ ಮದ್ದು: ಶಹಾಪುರದ ಹುಡುಗಿಯ ಶೋಧ'. ಕೆಳಗೆ ಹುಡುಕಿದೆ. ಒಂದೇ ಒಂದು 'ಬಹುದು' ಉಳಿದಿರಲಿಲ್ಲ. ಇಲಿಗಳೂ ಇರಲಿಲ್ಲ. ಫೋನ್ ಮಾಡಿದೆ.

"ಮೇಡಂರೀ, ನೀವು ಬರದದ್ದರಾಗ ಬಹುದು ಭಾಳ ಆಗ್ಯಾವ್ರಿ," ಎಂದ ಮಲ್ಲಣ್ಣ. "ಮಳಿ ಸುದ್ದಿಗಷ್ಟೇ ನಾವು ಬಹುದು ಹಾಕ್ತೀವಿ. ಉಳಕಿದ್ದಕ್ಕ ಹಾಕಿದ್ರ ಯಾರು ಓದ್ತಾರ್ರಿ?"

"ಇಲಿಗಳು ಎಲ್ಲಿ ಹೋದವು?"

"ಮುಂಜಾನಿ ಚಹಾ ಕುಡ್ಕೋತ ಪೇಪರ್ ಹಿಡೀತಾರ ಮಂದಿ. ಅಂಥಾದ್ರಾಗ ಇಲಿ ಯಾಕ್ರಿ ಮೇಡಂ? ಹೇಸ್ತಾರ."

ತಿದ್ದುಪಡಿ ಹಾಕಲೇಬೇಕು, ಇನ್ನೂ ಬಹಳ ಸಂಶೋಧನೆ ಆಗಬೇಕಿದೆ ಎಂದು ಬರೆಯಲೇಬೇಕು ಎಂದು ಹಟ ಹಿಡಿದೆ. "ಅಯ್ಯ, ಅದಕ್ಕೇನ್ರಿ, ಹಾಕೋಣು" ಎಂದ. ಮಾತಿಗೆ ತಪ್ಪುವವನಲ್ಲ ಮಲ್ಲಣ್ಣ. ಎರಡು ದಿನ ಬಿಟ್ಟು ಬಂತು: 'ಪುಂಡಿಪಲ್ಯ: ಇನ್ನೂ ಹೆಚ್ಚಿನ ಸಂಶೋಧನೆಗೆ ಯುವತಿಯ ಆಗ್ರಹ'. ಜೊತೆಗೆ ಅದೇ ಫೋಟೋ, ಈ ಸಲ ಇನ್ನೂ ದೊಡ್ಡದು.

ಇಷ್ಟಕ್ಕೇ ನಿಂತಿದ್ದರೆ ನಾಲ್ಕು ದಿನ ತಲೆ ತಗ್ಗಿಸಿ ಓಡಾಡಿ ಮರೆಯುತ್ತಿದ್ದೆ. ಮಾರ್ಕೆಟ್‌ನಲ್ಲಿ ಪಲ್ಯ ಮಾರುವ ನೀಲಮ್ಮ ನನ್ನನ್ನು ಕಂಡು ಎದ್ದು ನಿಂತದ್ದನ್ನೂ ಸಹಿಸಿಕೊಂಡೆ. ಆದರೆ ಒಂದು ಸಂಜೆ ನಾನಿನ್ನೂ ಪ್ರಯೋಗಾಲಯದಲ್ಲಿದ್ದಾಗ ಅವ್ವ ಫೋನ್ ಮಾಡಿ, "ದೋರನಹಳ್ಳಿ ದೊಡ್ಡವ್ವ ಗುಳಗಿ ಬಿಟ್ಟಾಳಂತ" ಎಂದಳು.

ದೊಡ್ಡವ್ವ ಅವ್ವನ ಅಕ್ಕ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಶಾಲೆಯ ರಜೆಗಳಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ, ಕಣ್ಣು ಮೇಲಕ್ಕೆ ಎಳೆದುಕೊಳ್ಳುವಷ್ಟು ಬಿಗಿಯಾಗಿ ಜಡೆ ಹಾಕಿದವಳು. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಪತ್ರಿಕೆಯನ್ನು ಯಾರಿಂದಲೋ ಓದಿಸಿಕೊಂಡವಳೇ ಗುಳಿಗೆಯ ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಿದ್ದಾಳೆ. ಎರಡು ಹೊತ್ತೂ ಪುಂಡಿಪಲ್ಯ. ಚಪ್ಪಲಿ ಕಚ್ಚಿದ ಕಾಲಿನ ಗಾಯ ಮಾಯುವ ಲಕ್ಷಣವಿಲ್ಲ. ಎದ್ದರೆ ಗೋಡೆ ಹಿಡಿಯುತ್ತಾಳೆ. ನಾನು ತಕ್ಷಣ ಅವಳಿಗೆ ಫೋನ್ ಮಾಡಿದೆ.

"ದೊಡ್ಡವ್ವ, ಪೇಪರಿನ್ಯಾಗ ತಪ್ಪು ಬಂದದ. ನಾ ಅಂಥಾದ್ದೇನೂ ಕಂಡುಹಿಡಿದಿಲ್ಲ."

"ಆಹಾ, ನೀ ಸಣ್ಣಾಕಿದ್ದಾಗಿಂದ ಹಿಂಗ. ಪಾಸಾಗಿ ಬಂದ್ರೂ 'ಪಾಸಾಗಿರಬಹುದು' ಅಂತಿದ್ದಿ. ನಿನ್ನ ಮಾತ ಯಾರ್ ನಂಬ್ತಾರ?"

"ಖರೇ ಹೇಳ್ತೀನಿ, ಗುಳಗಿ ಬಿಡಬ್ಯಾಡ."

"ಮನ್ಯಾಗ ಇಷ್ಟು ದೊಡ್ಡ ಶಾಣ್ಯಾಕಿ ಇಟ್ಕೊಂಡು ಮಂದಿ ಗುಳಗಿ ಯಾಕ ನುಂಗಲಿ?" ಎಂದು, ಫೋನ್ ಪಕ್ಕಕ್ಕೆ ಹಿಡಿದು ಯಾರಿಗೋ, "ನೋಡ್ರಿ, ತಾನೇ ಕಂಡುಹಿಡದು ತಾನೇ ಅಲ್ಲ ಅಂತಾಳ. ಒಂಚೂರು ಸೊಕ್ಕಿಲ್ಲ ನಮ್ಮ ಹುಡುಗಿಗೆ" ಎಂದಳು.

ನನ್ನ ಸಂಕಟ ನೋಡಿ. ನಿಜ ಹೇಳಿದಷ್ಟೂ ಅದು ನನ್ನ ವಿನಯವಾಗುತ್ತಿತ್ತು. ವಿನಯ ಹೆಚ್ಚಿದಷ್ಟೂ ಪುಂಡಿಯ ಮಹಿಮೆ ಹೆಚ್ಚುತ್ತಿತ್ತು. ಸುಳ್ಳು ಹೇಳುವವರನ್ನು ಜನ ಅನುಮಾನಿಸುತ್ತಾರೆಂದು ಓದಿದ್ದೆ. ನಿಜ ಹೇಳುವವರನ್ನು ಹೊಗಳಿ ಕೆಡಿಸುತ್ತಾರೆಂದು ಯಾವ ಪಠ್ಯದಲ್ಲೂ ಇರಲಿಲ್ಲ.

ಭಾನುವಾರ ದೋರನಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ: ಸರಳವಾಗಿ ಹೇಳಬೇಕು, ಪುಸ್ತಕದ ಪದ ಬೇಡ, ಇಲಿಗಳನ್ನು ಮೊದಲೇ ಮುಂದೆ ತರಬೇಕು. ಒಬ್ಬಳಿಗೆ ಮೆಲ್ಲಗೆ ಹೇಳಿ ಬರೋಣ ಎಂದರೆ, ದೊಡ್ಡವ್ವ ಓಣಿಯ ಹೆಂಗಸರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿದ್ದಳು. ನಡುವೆ ನನಗೊಂದು ಕುರ್ಚಿ. ಎದುರು ಸಾಲಿನಲ್ಲಿ ಹುಸೇನಬೀ ಖಾಲಾ. ಅವರ ಮನೆಯವರದು ಊರಿನಲ್ಲಿ ಬೀಜ, ಗೊಬ್ಬರ, ಔಷಧದ ಅಂಗಡಿ. ಗಂಡ ಪೇಟೆಗೆ ಹೋದಾಗ ಖಾಲಾನೇ ಗಲ್ಲಾದ ಮೇಲೆ ಕೂರುವುದರಿಂದ ಆ ಓಣಿಯಲ್ಲಿ ಅವರ ಮಾತಿಗೆ ತೂಕ. ಒಳಗಿನಿಂದ ಪುಂಡಿಪಲ್ಯ ಕುದಿಯುವ ವಾಸನೆ. ಹತ್ತು ಜನರ ಮುಂದೆ ಮಾತಾಡಿ ನನಗೆ ರೂಢಿಯಿಲ್ಲ. ಗೋಡೆ ಹಿಡಿದು ಬಂದು ಕೂತ ದೊಡ್ಡವ್ವನ ಕಾಲಿನ ಪಟ್ಟಿ ನೋಡಿ ಶುರುಮಾಡಿದೆ.

"ನಾವು ಪುಂಡಿಯ ಸಾರ ತಗದಿವ್ರಿ."

"ಸಾರು?" ಎಂದಳು ಒಬ್ಬಳು. "ಅಯ್ಯ, ನಾವು ಪಲ್ಯಾ ಮಾಡ್ಕೊಂಡು ತಿನ್ನಾಕತ್ತೀವಲ್ಲವಾ. ಸಾರು ಮಾಡಬೇಕಿತ್ತೇನ?"

"ಸಾರು ಅಲ್ರಿ, ಸಾರ..." ಎಂದು ನಿಂತೆ. ಈ ಉಕಾರವನ್ನು ವಿವರಿಸುತ್ತ ಕೂತರೆ ಸಂಜೆಯಾಗುತ್ತದೆ. ಸರಳ ಪದ, ಸರಳ ಪದ ಎಂದು ತಡಕಾಡಿ, ಎಲ್ಲರಿಗೂ ತಿಳಿಯುವಂಥದ್ದೊಂದನ್ನು ಹಿಡಿದೆ. "ಅಂದ್ರ, ಪುಂಡಿಲಿಂದ ಔಷಧ ಮಾಡಿದಿವ್ರಿ. ಅದನ್ನ ಮನುಷ್ಯಾರಿಗೆ ಕೊಟ್ಟಿಲ್ಲ. ಇಲಿಗೆ ಕೊಟ್ಟಿವಿ."

ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನ ಮಾತು ಕೊನೆಗೂ ಜನರನ್ನು ಮುಟ್ಟಿತು ಎಂದು ನನಗೆ ರೋಮಾಂಚನವೇ ಆಯಿತು.

ಮುಟ್ಟಿದ್ದು ಏನು ಎಂಬುದು ನನಗೆ ಆಮೇಲೆ ಹೊಳೆಯಿತು. ನಮ್ಮ ಕಡೆ ಮನುಷ್ಯರು ನುಂಗುವುದಕ್ಕೆ ಗುಳಗಿ ಎನ್ನುತ್ತಾರೆ. ಚುಚ್ಚಿಸಿಕೊಳ್ಳುವುದಕ್ಕೆ ಸೂಜಿ. ಔಷಧ ಎಂದರೆ ಹತ್ತಿಗೆ ಹೊಡೆಯುವುದು, ಮೆಣಸಿನಕಾಯಿಗೆ ಹೊಡೆಯುವುದು; ಮತ್ತು ಕಾಳಿನ ಚೀಲದ ಹಿಂದೆ, ಹಿಟ್ಟಿನ ಉಂಡೆಯೊಳಗೆ ಅಡಗಿಸಿ, ಇಲಿಗೆ ಇಡುವುದು. ಹುಟ್ಟಿದಾಗಿನಿಂದ ಈ ಮಾತನ್ನೇ ಕೇಳಿ ಬೆಳೆದ ನಾನು, ಕಲಬುರಗಿಯಲ್ಲಿ ಕೆಲವು ವರ್ಷ ಬಿಳಿ ಕೋಟು ಹಾಕಿಕೊಂಡು ಮರೆತಿದ್ದೆ.

"ಮರ್ ಗಯೇ ಕ್ಯಾ ಬೇಟಿ?" ಎಂದರು ಹುಸೇನಬೀ ಖಾಲಾ, ಅಂಗಡಿಯ ಗಂಭೀರ ದನಿಯಲ್ಲಿ. ನಾನು ತಡವರಿಸಿದ್ದು ಕಂಡು ಕನ್ನಡದಲ್ಲಿಯೂ ಕೇಳಿದರು, "ಇಲಿ ಸತ್ತವೇನವಾ?"

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎಂದುಬಿಡುತ್ತಿದ್ದರು. ಆದರೆ ಪ್ರಯೋಗ ಮುಗಿದ ಮೇಲೆ ಆ ಇಲಿಗಳಿಗೆ ನೋವಾಗದಂತೆ ಜೀವ ಬಿಡಿಸಿ, ಒಳಗಿನ ಅಂಗಗಳನ್ನು ಪರೀಕ್ಷಿಸಬೇಕಾಗುತ್ತದೆ. ಅದು ನಿಯಮ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಚಟ. "ಮೊದಲು ಚೆನ್ನಾಗೇ ಇದ್ವುರಿ. ಕಡೀಕ ಎಲ್ಲಾವೂ ಸತ್ವು" ಎಂದೆ.

"ಎಲ್ಲಾವೂ?"

"ಎಲ್ಲಾವೂ. ಅಂದ್ರ, ತಾವಾಗೇ ಅಲ್ರಿ, ನಾವೇ..."

ಮುಂದಿನದನ್ನು ಯಾರೂ ಕೇಳಲಿಲ್ಲ. ಖಾಲಾ ಮೆಚ್ಚುಗೆಯಿಂದ ತಲೆದೂಗಿ ಪಕ್ಕದವರಿಗೆ ಹೇಳುತ್ತಿದ್ದರು: "ಸಾವಕಾಶ ಕೊಲ್ಲೋದೇ ಛಲೋ ಮಾಲು. ನಮ್ಮ ಅಂಗಡ್ಯಾಗಿಂದು ತಿಂದ್ರ ಅಲ್ಲೇ ಸತ್ತು ಚೀಲದ ಹಿಂದ ನಾರ್ತಾವ." ಒಬ್ಬಳು ಎದ್ದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಇನ್ನೊಬ್ಬಳು "ನಾ ನಿನ್ನಿನೂ ತಿಂದೀನ್ರಿ" ಎಂದು ಹೊಟ್ಟೆ ಹಿಡಿದುಕೊಂಡಳು.

ದೊಡ್ಡವ್ವ ಅಡುಗೆಮನೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಎವ್ವಾ ನಮ್ಮವ್ವ! ಇಷ್ಟು ದಿನ ನಾ ಉಂಡದ್ದು ಇಲಿ ಔಷಧೇನ? ಅದಕ್ಕ ನನಗ ಕಣ್ಣಿಗಿ ಕತ್ತಲಿ ಬರಾಕತ್ತಿದ್ದು!"

"ಹಂಗಲ್ಲ ದೊಡ್ಡವ್ವ. ಪಲ್ಯಾ ತಿಂದ್ರ ಏನೂ ಆಗಲಿಕ್ಕಿಲ್ಲ."

"'ಲಿಕ್ಕಿಲ್ಲ' ಅಂದ್ರ? ಆಗಂಗಿಲ್ಲ ಅಂತ ಹೇಳವಲ್ಲಿ ಯಾಕ?"

ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಕ್ರಿಯಾಪದದ ಕೊನೆಯನ್ನು ಇಷ್ಟು ಗಮನವಿಟ್ಟು ಕೇಳಿದ್ದರು. ಅವಳು ಎದ್ದಳು. ಗೋಡೆ ಹಿಡಿದು ಹೋಗಿ, ಕೈ ಚಾಚಿ ಮಾಡದಲ್ಲಿನ ಡಬ್ಬಿ ತೆಗೆದಳು. ತಪ್ಪು ತಿಳಿದಿದ್ದೀಯ, ಪುಂಡಿ ವಿಷವಲ್ಲ, ಇಲಿಗಳನ್ನು ಕೊಂದದ್ದು ನಾವು, ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡವ್ವ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದಳು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ನಾನು ಬಾಯಿ ಮುಚ್ಚಿದೆ.

"ಸೋಮವಾರ ಡಾಕ್ಟರ್ ಹತ್ರ ಹೋಗೋಣು, ನಾನೂ ಬರ್ತೀನಿ" ಎಂದಷ್ಟೇ ಹೇಳಿದೆ. ಹೋದೆವು. ಡಾಕ್ಟರು ಗಾಯ ನೋಡಿ ಬೈದದ್ದು ಸರಿಯಾಗಿಯೇ ಇತ್ತು, ಅರ್ಧ ನನಗೂ ಸೇರಿತ್ತು. ಈಗ ಗಾಯ ಒಣಗಿದೆ. ದೊಡ್ಡವ್ವ ಗೋಡೆ ಬಿಟ್ಟು ನಡೆಯುತ್ತಾಳೆ, ಒಂದು ಹೊತ್ತೂ ಗುಳಗಿ ತಪ್ಪಿಸುವುದಿಲ್ಲ. ಎಲ್ಲಿ ತಿದ್ದಿ ಹೇಳಿದರೆ ಮತ್ತೆ ಡಬ್ಬಿ ಮಾಡ ಸೇರುತ್ತದೋ ಎಂದು, ಇಲಿಗಳ ಪೂರ್ತಿ ಕಥೆ ಹೇಳುವುದನ್ನು ನಾನು ಮುಂದೂಡುತ್ತಲೇ ಇದ್ದೇನೆ.

ಅದರ ಫಲವನ್ನೂ ಉಣ್ಣುತ್ತಿದ್ದೇನೆ, ಅಥವಾ ಉಣ್ಣದೇ ಇದ್ದೇನೆ. ಸುದ್ದಿ ದೋರನಹಳ್ಳಿಯಿಂದ ಶಹಾಪುರಕ್ಕೆ ನನಗಿಂತ ಮೊದಲೇ ಬಂದು ಮುಟ್ಟಿತ್ತು. ಅವ್ವ ಪುಂಡಿಯನ್ನು ಮನೆಯೊಳಗೆ ತರುವುದಿಲ್ಲ. "ಕಲ್ತಾಕಿ ನೀನೇ ವಿಷ ಅಂತ ಹೇಳಿ, ನೀನೇ ಮಾಡು ಅಂತ ಕೇಳ್ತಿಯಲ್ಲ" ಎನ್ನುತ್ತಾಳೆ. ನೀಲಮ್ಮ ಈಗ ನನ್ನನ್ನು ಕಂಡರೆ ಏಳುವುದಿಲ್ಲ. "ಬಾರವ್ವ, ಇವತ್ತು ಮೆಂತ್ಯಾಕ್ಕೇನರ ಹೇಳಿ ಹೋಗು, ಅದೊಂದು ಉಳದದ" ಎಂದು ಕೂತಲ್ಲಿಂದಲೇ ಕುಟುಕುತ್ತಾಳೆ. ಕೆಂಭಾವಿಯ ಮಾಮಾ ಫೋನ್ ಮಾಡಿ, ಜೋಳದ ಚೀಲಕ್ಕೆ ಇಲಿ ಬಿದ್ದಿವೆ, ನಿನ್ನ ಮಾಲು ಎರಡು ಪುಡಿಕೆ ಕಳಿಸು ಎಂದ. ಹುಸೇನಬೀ ಖಾಲಾ ಮೊದಲ ಲೋಡು ತಮ್ಮ ಅಂಗಡಿಗೇ ಬರಬೇಕೆಂದು ಹೇಳಿಟ್ಟಿದ್ದಾರೆ. ಮಲ್ಲಣ್ಣನೂ ಹೊಸ ಸುದ್ದಿಯ ವಾಸನೆ ಹಿಡಿದು ಫೋಟೋ ಕೇಳಿದ. ನಾನು ಫೋನ್ ಇಟ್ಟೆ.

ಮೊನ್ನೆ ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ನಿಂತು, "ಏನ್ರಿ, ನಮ್ಮ ಸಂಶೋಧನೆ ನಿಮ್ಮ ಕಡೆ ಜನಕ್ಕ ತಲುಪಿತಾ?" ಎಂದು ಕೇಳಿದರು. ಮಧ್ಯಾಹ್ನದ ಊಟದ ಹೊತ್ತು. ನನ್ನ ಡಬ್ಬಿಯಲ್ಲಿ ಸತತ ಮೂರನೆಯ ವಾರ ಮೆಂತ್ಯೆಪಲ್ಯ ಇತ್ತು. ನಾನು ಅದನ್ನು ನೋಡುತ್ತ ಹೇಳಿದೆ:

"ತಲುಪಿರಬಹುದು ಸರ್."