ಥ್ಯಾಂಕ್ಸಪ್ಪನ ಕಾಲ್‌ಬ್ಯಾಕು

ಎಲ್ಲಕ್ಕೂ ಮೂಲ ಒಂದು ಗುಂಡಿ. ಹೋಟೆಲ್ ಕೋಣೆ ಕಾಯ್ದಿರಿಸುವ ವೆಬ್‌ಸೈಟಿನಲ್ಲಿ ಅದನ್ನು ಒತ್ತಿದರೆ, ರಸೀದಿಯ ಮೇಲ್ ಹೋಗಿ ಮುಟ್ಟುವ ತನಕ ಪುಟ ಮಿಸುಕಾಡುತ್ತಿರಲಿಲ್ಲ. "ಇದು ಸರಿಯಾದ್ಮೇಲೇ ಮನೆಗೆ," ಎಂದುಬಿಟ್ಟರು ಮ್ಯಾನೇಜರು. ಆ ಸಂಜೆಯೇ ಅದನ್ನು ಸರಿಮಾಡಬೇಕಾದವನ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. ಒಂದು ಮಾತೂ ಇಲ್ಲ, ಆದರೂ ಅಪ್ಪ ಮುಂದಿನ ಸಾಲಿನಲ್ಲಿ ಕೂತಿರಲೇಬೇಕು.

ಅಪ್ಪನಿಗೆ ಆಫೀಸಿನಲ್ಲಿ ಥ್ಯಾಂಕ್ಸಪ್ಪ ಎಂದೇ ಹೆಸರು. ಬಾಗಿಲು ತೆರೆದರೆ ಲಿಫ್ಟಿಗೂ ಥ್ಯಾಂಕ್ಸ್ ಹೇಳುವ ಪ್ರಾಣಿ. ಅವನ ಪೇಚಾಟ ನೋಡಲಾರದೆ ಪಕ್ಕದ ಸೀಟಿನ ಸೀನಿಯರ್ ಮೇಡಂ ಕುರ್ಚಿ ಎಳೆದುಕೊಂಡರು.

"ಟೈಲರ್ ಬಟ್ಟೆ ಹೊಲಿದು ಮುಗಿಸೋ ತನಕ ಅಂಗಡೀಲೇ ನಿಂತಿರ್ತೀರಾ? 'ಆದ್ಮೇಲೆ ಫೋನ್ ಮಾಡಿ' ಅಂತ ನಂಬರ್ ಕೊಟ್ಟು ಬರ್ತೀರಲ್ವಾ? ಜಾವಾದಲ್ಲೂ ಅಷ್ಟೇ. ಮೇಲ್ ಕಳ್ಸೋ ಕೆಲ್ಸಾನ ಬೇರೆ ಥ್ರೆಡ್ಡಿಗೆ, ಅಂದ್ರೆ ಪಕ್ಕದಲ್ಲೇ ತನ್ನಷ್ಟಕ್ಕೆ ಓಡೋ ಇನ್ನೊಂದು ಎಳೆಗೆ ಬಿಡಿ. ಅದ್ರ ಕೈಗೆ ಆ ನಂಬರ್ ಚೀಟಿ ಥರ ಒಂದು ಫಂಕ್ಷನಲ್ ಇಂಟರ್‌ಫೇಸ್ ಕೊಡಿ. ಅದ್ರಲ್ಲಿರೋದು ಒಂದೇ ಮೆಥಡ್ಡು, ಕೆಲ್ಸ ಆದ್ಮೇಲೆ ಏನ್ಮಾಡ್ಬೇಕು ಅನ್ನೋದು. ಅದಕ್ಕೇ ಕಾಲ್‌ಬ್ಯಾಕ್ ಅನ್ನೋದು."

ಬರೆದ, ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಮುಂದಕ್ಕೆ ಹೋಯಿತು.

"ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರ್ಸೋಕಾಗಲ್ಲ ಮೇಡಂ!"

ಆಗಲೇ ಬ್ಯಾಗು ಹೆಗಲಿಗೇರಿಸಿದ್ದರೆ ಬಚಾವಾಗುತ್ತಿದ್ದ. ಅಷ್ಟರಲ್ಲಿ ಟೆಸ್ಟಿಂಗಿನ ಕೊಕ್ಕೆರಾಯ ಇಣುಕಿದ.

"ಮೇಲ್ ಹೋದ್ಮೇಲೆ ನಿಮ್ಮ ಕಾಲ್‌ಬ್ಯಾಕು ಏನ್ಮಾಡತ್ತೆ?"

"ಸದ್ಯಕ್ಕೆ ಏನೂ ಇಲ್ಲ."

"ಅಯ್ಯೋ! ಊರಿಗೆಲ್ಲ ಥ್ಯಾಂಕ್ಸ್ ಹೇಳೋರು, ಗಿರಾಕಿಗೆ ಹೇಳಲ್ವಾ?"

ಹೌದಲ್ಲ ಎನ್ನಿಸಿತು. ಮೇಲ್ ಹೋದ ಮೇಲೆ ಒಂದು ಥ್ಯಾಂಕ್ಸ್ ಮೇಲ್ ಕಳಿಸು ಎಂದು ಕಾಲ್‌ಬ್ಯಾಕಿನೊಳಗೆ ಬರೆದ. ಕಳಿಸುವುದು ಅದೇ ಮೆಥಡ್ಡು, ಅದರ ಕೈಯಲ್ಲಿ ಮತ್ತೆ ಅದೇ ಕಾಲ್‌ಬ್ಯಾಕು. ಥ್ಯಾಂಕ್ಸ್ ಹೋಗಿದ್ದಕ್ಕೊಂದು ಥ್ಯಾಂಕ್ಸು, ಆ ಥ್ಯಾಂಕ್ಸಿಗೂ ಇನ್ನೊಂದು ಥ್ಯಾಂಕ್ಸು!

ಮೊದಲು ಗುಂಡಿ ಒತ್ತಿ ನೋಡಿದವರು ಮ್ಯಾನೇಜರೇ. ಅವರ ಫೋನು ಕಲ್ಲು ಬಿದ್ದ ಜೇನುಗೂಡಿನಂತೆ ಗುಂಯ್‌ಗುಟ್ಟತೊಡಗಿತು. ಥ್ಯಾಂಕ್ಸಪ್ಪ ಬಿದ್ದೆನೋ ಎದ್ದೆನೋ ಎಂದು ಸರ್ವರ್ ನಿಲ್ಲಿಸಿ, ಆ ಸಾಲು ಅಳಿಸಿ, ಕೆಲಸ ಹೋಯಿತೆಂದುಕೊಂಡೇ ಅವರ ಕೋಣೆಗೆ ಹೋದ.

ಮ್ಯಾನೇಜರ ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷ ದುಡಿದಿದೀನಿ, ಯಾರೂ ನಂಗೆ ಒಂದು ಥ್ಯಾಂಕ್ಸ್ ಹೇಳಿರ್ಲಿಲ್ಲ ಕಣ್ರೀ. ನಿಮ್ಮಂಥೋರನ್ನ ಬಿಡೋಕಾಗತ್ತಾ? ಉಳಿದ ಪುಟಗಳನ್ನೂ ನೀವೇ ಮಾಡ್ಬೇಕು. ಇವತ್ತೇ!"

"ಥ್ಯಾಂಕ್ಸ್ ಸರ್," ಎಂದುಬಿಟ್ಟಿತು ಹಾಳು ಬಾಯಿ.

ಮನೆಗೆ ಫೋನ್ ಮಾಡಿ, "ಸ್ವಲ್ಪ ಕಾಯ್ತೀರಾ?" ಎಂದು ಅಂಗಲಾಚಿದ. ಆ ಕಡೆಯಿಂದ ಮರವೇ ಮಾತಾಡಿತು.

"ಯಾಕಪ್ಪಾ ಕಾಯೋದು? ನಿನ್ ಕೆಲ್ಸ ನೀನ್ ನೋಡ್ಕೋ. ನಾಟಕ ಮುಗಿದ್ಮೇಲೆ ನಾವೇ ಫೋನ್ ಮಾಡ್ತೀವಿ."