ಸೊಂಟನೋವು ಬಿಟ್ಟುಹೋದ ದಿನ

ಬೆಳಗಿನ ಐದೂವರೆಗೆ ಎದ್ದು ಕೂತ ಶರಾವತಿಗೆ ಮೈಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಬಗ್ಗಿ ಚಾಪೆ ಸುತ್ತಿದಳು. ಎರಡು ವರ್ಷದಿಂದ ಗಂಡನಿಗಿಂತ ಹೆಚ್ಚು ಜೊತೆಗಿದ್ದ ಸೊಂಟನೋವು ಹೇಳದೆ ಕೇಳದೆ ಹೊರಟುಹೋಗಿತ್ತು. ಹೋಗುವುದು ಹೋಗಲಿ, ಇವತ್ತೇ ಹೋಗಬೇಕಿತ್ತೇ ಎಂದು ಅವಳು ಸುತ್ತಿದ ಚಾಪೆಯ ಮೇಲೇ ಕುಸಿದಳು.

ಶರಾವತಿ ಹೊಸನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟು. ಗಂಡ ಶ್ಯಾಮ ಸಾಗರದಲ್ಲಿ ಹೈಸ್ಕೂಲು ಮೇಷ್ಟರು. ಮದುವೆಯಾಗಿ ಎರಡು ವರ್ಷವಾದರೂ ಇಬ್ಬರೂ ಒಟ್ಟಿಗೆ ಉಂಡದ್ದು ಬರೀ ಭಾನುವಾರಗಳಲ್ಲಿ. ಸಾಗರಕ್ಕೆ ವರ್ಗ ಮಾಡಿ ಎಂದು ಮೂರು ಅರ್ಜಿ ಹಾಕಿದ್ದಳು. ಗಂಡ ಹೆಂಡಿರು ಒಂದೇ ಊರಿನಲ್ಲಿರುವುದು ಸಾರ್ವಜನಿಕ ಹಿತದೃಷ್ಟಿಯಿಂದ ಅವಶ್ಯವಲ್ಲ ಎಂದು ಮೂರೂ ಹಿಂದೆ ಬಂದಿದ್ದವು. ನಾಲ್ಕನೆಯದರಲ್ಲಿ ಸೊಂಟನೋವಿನ ಕಾರಣ ಕೊಟ್ಟಿದ್ದಳು. ಅದಕ್ಕೆ ಮಾತ್ರ ಉತ್ತರ ಬಂದಿತ್ತು: ಸಾಗರಕ್ಕೆ ಬಂದು ಇಲಾಖೆಯ ಡಾಕ್ಟರಿಗೆ ಸೊಂಟ ತೋರಿಸಿ, ಅವರ ಸರ್ಟಿಫಿಕೇಟಿನೊಂದಿಗೆ ಸಾಹೇಬರನ್ನು ಕಾಣತಕ್ಕದ್ದು. ಈ ವರ್ಷದ ವರ್ಗಾವಣೆಗೆ ಇವತ್ತೇ ಕಡೆಯ ದಿನ.

ನೋವು ಹೊರಟುಹೋದದ್ದಕ್ಕೆ ಕಾರಣ ಹೆಡ್ ಕ್ಲರ್ಕ್ ಮಂಜಯ್ಯ. ತೀರ್ಥಹಳ್ಳಿಯಲ್ಲಿ ಹತ್ತು ದಿನದ ಯೋಗ ಶಿಬಿರ ಮುಗಿಸಿ ಬಂದವರು ಕಚೇರಿ ಜಗಲಿಯಲ್ಲಿ ದಿನಾ ಬೆಳಿಗ್ಗೆ ಸಿಬ್ಬಂದಿಯನ್ನು ಸಾಲಾಗಿ ಮಲಗಿಸತೊಡಗಿದ್ದರು. ಮೊದಲು ದೇಹಕ್ಕೆ, ಆಮೇಲೆ ಮನಸ್ಸಿಗೆ, ಕಡೆಗೆ ಆತ್ಮಕ್ಕೆ ಎಂದು ಬೆರಳು ಮಡಚುತ್ತ ಅವರು ಲಾಭ ಹೇಳತೊಡಗಿದರೆ ಕಡತಗಳೇ ಆಕಳಿಸುತ್ತಿದ್ದವು. ಮಿಕ್ಕವರು ಒಂದೊಂದು ನೆಪ ಹೇಳಿ ಜಾರಿಕೊಂಡರು. ಒಲ್ಲೆ ಅನ್ನಲು ನಾಲಿಗೆ ಬಾರದ ಶರಾವತಿ ಒಬ್ಬಳೇ ನಲವತ್ತು ದಿನ ಬಾಗಿದಳು, ಬಳುಕಿದಳು, ಉಸಿರು ಎಳೆದಳು, ಬಿಟ್ಟಳು. ಅದು ಇಷ್ಟು ಕೆಲಸ ಮಾಡೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಬಾವಿಕಟ್ಟೆಯಲ್ಲಿ ಮನೆ ಒಡತಿ ಗುತ್ಯಮ್ಮನ ಎದುರು ಸಂಕಟ ತೋಡಿಕೊಂಡಳು. ಹೋದ ನೋವನ್ನು ತಿರುಗಿ ತರಿಸುವುದು ಎಂತ ದೊಡ್ಡ ಕೆಲಸ ಎಂದ ಗುತ್ಯಮ್ಮ ಅವಳಿಂದ ಮೂವತ್ತು ಕೊಡ ನೀರು ಸೇದಿಸಿದಳು. ಒರಳುಕಲ್ಲಿನಲ್ಲಿ ನಾಲ್ಕು ಸೇರು ಅಕ್ಕಿ ರುಬ್ಬಿಸಿದಳು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನೂ, ಬಹಳ ದಿನದಿಂದ ತನಗೆ ಬೇಕಾಗಿದ್ದ ಜಾಗಕ್ಕೇ, ನೂಕಿಸಿದಳು. ಶರಾವತಿಯ ಸೊಂಟ ಎಣ್ಣೆ ಬಿಟ್ಟ ತಿರುಗಣೆಯಂತೆ ಇನ್ನಷ್ಟು ಸಲೀಸಾಯಿತು.

"ನೋವು ಅಂದ್ರೆ ನಮ್ಮನೆ ಬೆಕ್ಕಿದ್ದಂಗೆ ಕಣೆ," ಎಂದಳು ಗುತ್ಯಮ್ಮ, ತುಂಬಿದ ಹಂಡೆಯನ್ನು ತೃಪ್ತಿಯಿಂದ ನೋಡುತ್ತ. "ಬ್ಯಾಡ ಅಂದಾಗ ಕಾಲಿಗೆ ಸುತ್ತಾತದೆ. ಕರದ್ರೆ ಬರಾದಿಲ್ಲ."

ಬಸ್ಸಿಗೆ ಬಂದರೆ ಅಲ್ಲಿ ಟಪಾಲಿನ ಚೀಲ ಹಿಡಿದು ಮಂಜಯ್ಯನೂ ಹತ್ತಿದ್ದರು. ಕುಲುಕಾಟಕ್ಕಾದರೂ ನೋವು ಮರಳಲಿ ಎಂದು ಶರಾವತಿ ಬೇಕೆಂದೇ ಚಕ್ರದ ಮೇಲಿನ ಹಿಂಬದಿ ಸೀಟು ಹಿಡಿದಳು. ಯಾಕೆಂದು ಅವರು ಕೇಳಿದರು, ಅವಳು ಪಿಸುಗುಟ್ಟಿ ಹೇಳಿದಳು. ಮಂಜಯ್ಯನ ಮುಖ ದೀಪಾವಳಿಯಾಯಿತು. ಪೂರ್ತಿ ಹೋಯಿತೇ, ಚೂರೂ ಉಳಿದಿಲ್ಲವೇ ಎಂದು ಎರಡೆರಡು ಸಲ ಕೇಳಿ, ಎದ್ದು ನಿಂತು, ಈ ಹೆಣ್ಣುಮಗಳನ್ನು ನೋಡಿ ಎಂದು ಇಡೀ ಬಸ್ಸಿಗೆ ಸಾರಿದರು. ಬಸ್ಸು ಬಟ್ಟೆಮಲ್ಲಪ್ಪ ಎಂಬ ಊರು ದಾಟುವಷ್ಟರಲ್ಲಿ ನಾಲ್ಕು ಜನ ಅವಳಿಗೆ ತಮ್ಮ ಮಂಡಿ, ಕುತ್ತಿಗೆ, ಭುಜ ತೋರಿಸಿ ಔಷಧ ಕೇಳಿದ್ದರು. ದಾರಿಯ ಗುಂಡಿಗಳೆಲ್ಲ ಅವಳ ಬೆನ್ನನ್ನು ತಟ್ಟಿ ಭೇಷ್ ಎನ್ನುತ್ತಿದ್ದವು.

ಸಾಗರದಲ್ಲಿ ಡಾಕ್ಟರ ಮೇಜಿನ ಮುಂದೆ ನಿಂತಾಗ ಅವಳು ಒಂದು ನಿರ್ಧಾರ ಮಾಡಿದ್ದಳು. ಬಗ್ಗುವಾಗ ಕೈ ಮಂಡಿಯ ಹತ್ತಿರ ಬಂದೊಡನೆ ನರಳಿ ಅಲ್ಲೇ ನಿಂತುಬಿಡುವುದು. ಆದರೆ ಡಾಕ್ಟರು, ಹಾಳು ಡಾಕ್ಟರು, ಬರೀ ಬಗ್ಗಿ ಅನ್ನಲಿಲ್ಲ. ನಿಧಾನವಾಗಿ ಉಸಿರು ಬಿಡುತ್ತಾ ಬಗ್ಗಿ ಅಂದರು. ನಲವತ್ತು ದಿನ ಅದೇ ಮಾತು ಕೇಳಿದ್ದ ಮೈ ಯಜಮಾನಿಯನ್ನು ಒಂದು ಮಾತು ಕೇಳದೆ ಮಡಚಿಕೊಂಡಿತು. ಅಂಗೈ ಎರಡೂ ನೆಲಕ್ಕೆ, ಹಣೆ ಮಂಡಿಗೆ. ಆ ಸ್ಥಿತಿಯಲ್ಲೇ ನೆನಪಾಗಿ ಒಂದು ಸಲ "ಅಮ್ಮಾ" ಎಂದು ನರಳಿದಳು. ಡಾಕ್ಟರು ಮೇಜು ಸುತ್ತಿ ಬಂದು ನೋಡಿದರು. ಈ ಕುರ್ಚಿಯಿಂದ ಏಳುವುದೇ ತಮಗೆ ಕಷ್ಟ ಎಂದು ನಿಟ್ಟುಸಿರಿಟ್ಟು, ಎಂಥ ಊರಿನಲ್ಲೂ ಎಂಥ ಕೆಲಸಕ್ಕೂ ಯೋಗ್ಯಳು ಎಂದು ಬರೆದು ಸೀಲು ಒತ್ತಿದರು.

ಹೊರಗೆ ಬಂದ ಅವಳ ಮುಖ ನೋಡಿ ಮಂಜಯ್ಯನಿಗೆ ಮೊದಲ ಬಾರಿಗೆ ಯೋಗದ ಬಗ್ಗೆ ಮಾತು ಹೊರಡಲಿಲ್ಲ. ಟಪಾಲಿನ ಚೀಲ ಹೆಗಲಿಗೇರಿಸಿದರು. ಆಮೇಲೆ ಹತ್ತಿರ ಬಂದು, ಹೆಡ್ ಕ್ಲರ್ಕುಗಳಿಗೆ ಮಾತ್ರ ಗೊತ್ತಿರುವ ಗುಟ್ಟು ಹೇಳಿದರು.

"ನಮ್ ಸಾಹೇಬ್ರಿಗೆ ಕಣ್ಣೀರು ಕಂಡ್ರೆ ಆಗಲ್ಲ. ಯಾರು ಅತ್ರೂ ಕೇಳಿದ್ ಊರು ಕೊಟ್ಟುಬಿಡ್ತಾರೆ. ಹೋದ ವಾರ ಇಬ್ರಿಗೆ ಕೊಟ್ರು. ಕಾಗದ ಗೀಗದ ಏನೂ ಬ್ಯಾಡ, ಎದುರಿಗೆ ಹೋಗಿ ಅತ್ತುಬಿಡು ತಂಗಿ."

ಅಳುವುದು ಶರಾವತಿಗೆ ಕಷ್ಟದ ಕೆಲಸವಾಗಿರಲಿಲ್ಲ. ಒಬ್ಬಳೇ ಇದ್ದಾಗ ಎಷ್ಟೋ ಸಲ ಮಾಡಿದ್ದಳು. ಸಾಹೇಬರ ಕೋಣೆಯಲ್ಲಿ ನಿಂತು ಭಾನುವಾರ ಸಂಜೆಯ ಬಸ್ಸನ್ನು ನೆನೆದಳು. ಕಿಟಕಿಯ ಹೊರಗೆ ನಿಂತು, ಹೇಳುವುದಕ್ಕೆ ಏನೂ ತೋಚದೆ ಟಿಕೆಟ್ ಜೋಪಾನ ಎನ್ನುವ ಗಂಡನನ್ನು ನೆನೆದಳು. ಕಣ್ಣು ಉರಿಯಿತು. ಇನ್ನೇನು ಬಂತು ಅನ್ನುವಾಗ ಉಸಿರು ತನ್ನಷ್ಟಕ್ಕೆ ಉದ್ದವಾಯಿತು. ನಾಲ್ಕು ಎಣಿಸುವಷ್ಟು ಒಳಗೆ, ಎಂಟು ಎಣಿಸುವಷ್ಟು ಹೊರಗೆ. ಭುಜ ಸಡಿಲವಾಯಿತು. ಮುಖದ ಮೇಲೆ ದೇವರ ದೀಪದಂಥ ಒಂದು ಶಾಂತಿ ಬಂದು ಕೂತಿತು. ಒಳಗೆ ಅವಳು ಕೊಚ್ಚಿಹೋಗುತ್ತಿದ್ದಳು, ಹೊರಗೆ ಒಂದು ಹನಿಯಿಲ್ಲ.

ಸಾಹೇಬರು ಸರ್ಟಿಫಿಕೇಟು ಓದಿದರು, ಮುಖ ನೋಡಿದರು, ಮತ್ತೆ ಓದಿದರು.

"ಈ ಕುರ್ಚೀಲಿ ಕೂತು ಹನ್ನೊಂದು ವರ್ಷ ಆಯ್ತಮ್ಮ. ಇಲ್ಲಿಗೆ ಬಂದೋರೆಲ್ಲ ಅಳೋರೇ. ಇಷ್ಟು ಸಮಾಧಾನದ ಮುಖ ನಾ ನೋಡೇ ಇಲ್ಲ." ಅವರ ದನಿ ನಡುಗಿತು. "ಆಗುಂಬೆ ಕಚೇರಿಗೆ ಯಾರನ್ನ ಹಾಕಿದ್ರೂ ಆ ಮಳೆ ತಡೀಲಾರ್ದೆ ಮೂರು ತಿಂಗಳಿಗೆ ಅಳ್ತಾ ವಾಪಸ್ ಬರ್ತಾರೆ. ನಾನೂ ಎಷ್ಟು ಜನರ ಅಳು ನೋಡ್ಲಿ? ನಿನ್ನಂಥೋಳೇ ಬೇಕಾಗಿತ್ತು."

ಶರಾವತಿ ಒಲ್ಲೆ ಅನ್ನಲು ಬಾಯಿ ತೆರೆದಳು. ಉಸಿರು ಮಾತ್ರ ಬಂತು, ಬಹಳ ಕ್ರಮವಾಗಿ. ಸಾಹೇಬರ ಕಚೇರಿಯ ಟೈಪಿಸ್ಟು ರಜೆಯಲ್ಲಿದ್ದುದರಿಂದ ಮೂರು ವರ್ಷದ ಆಗುಂಬೆಯ ಆರ್ಡರನ್ನು ಅವಳೇ ಟೈಪು ಮಾಡಬೇಕಾಯಿತು. ಒಂದೂ ತಪ್ಪಿಲ್ಲ ಎಂದು ಸಾಹೇಬರು ಮತ್ತೊಮ್ಮೆ ಹೊಗಳಿ ಸಹಿ ಹಾಕಿದರು.

ಶಾಲೆ ಬಿಟ್ಟು ಓಡಿಬಂದ ಶ್ಯಾಮ ಕಚೇರಿಯ ಮೆಟ್ಟಿಲ ಬಳಿ ಕಾಯುತ್ತಿದ್ದ. ವರ್ಗವಾಯಿತೇ ಎಂದ. ಆಯಿತು ಎಂದು ಅವಳು ತಲೆಯಾಡಿಸಿದಳು. ಅಷ್ಟು ಸಾಕಾಗಿತ್ತು ಅವನಿಗೆ. ಇಕ್ಕೇರಿ ರಸ್ತೆಯಲ್ಲಿ ನೋಡಿಟ್ಟ ಮನೆಯ ಬೀಗದ ಕೈ ಜೇಬಿನಿಂದ ತೆಗೆದ. ಅಡಿಗೆಮನೆಗೆ ಎರಡು ಕಿಟಕಿ, ಹಿಂದೆ ಮಲ್ಲಿಗೆ ಬಳ್ಳಿ ಎಂದು ಹೇಳತೊಡಗಿದ. ಮಂಜಯ್ಯ ಮೆಲ್ಲಗೆ ಅತ್ತ ತಿರುಗಿ ಗೋಡೆಯ ಸುಣ್ಣ ನೋಡತೊಡಗಿದರು. ಶರಾವತಿ ಕಾಗದ ಕೊಟ್ಟಳು.

ಅವನು ಓದಿದ. ಭಾನುವಾರದ ಬಸ್ಸು ಹತ್ತಿದರೆ ಆಗುಂಬೆಗೆ ಮುಟ್ಟುವುದು ಎಷ್ಟು ಹೊತ್ತಿಗೆ, ಸಂಜೆಯೊಳಗೆ ಊರು ಸೇರಲು ಮತ್ತೆ ಹೊರಡಬೇಕಾದದ್ದು ಎಷ್ಟು ಹೊತ್ತಿಗೆ ಎಂದು ತುಟಿಯಲ್ಲೇ ಲೆಕ್ಕ ಹಾಕಿದ. ನಡುವೆ ಏನೂ ಉಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತ. ಅವಳೂ ಪಕ್ಕದಲ್ಲಿ ಕೂತಳು, ಬೆನ್ನು ನೆಟ್ಟಗೆ, ಮುಖ ಪ್ರಶಾಂತ.

ಬೀಗದ ಕೈಯನ್ನು ತಿರುಗಿ ಜೇಬಿಗೆ ಹಾಕಿಕೊಂಡು ಶ್ಯಾಮ ಕೇಳಿದ: "ಅದೆಂತದೋ ಉಸಿರು ಎಳಿಯೋದು ಬಿಡೋದು ಮಾಡ್ತೀಯಲ್ಲ... ನಂಗೂ ಒಂಚೂರು ಹೇಳ್ಕೊಡ್ತೀಯಾ?"